ವಾಟದ ಶೇಷಪ್ಪ

ಶೇಷಪ್ಪ ಮೇಸ್ತ್ರಿ ಯಾರ ಮನೆಯಲ್ಲೂ ಕಾಫಿಯನ್ನು ಪೂರ್ತಿ ಕುಡಿದವರಲ್ಲ. ಕೊನೆಯ ಗುಟುಕನ್ನು ಲೋಟದಲ್ಲೇ ಉಳಿಸಿಕೊಂಡು, ಮಾತಿನ ಮಧ್ಯೆ ಮೆಲ್ಲಗೆ ನೆಲಕ್ಕೆ ಚೆಲ್ಲಿ, ಅದು ಯಾವ ಕಡೆ ಹರಿಯುತ್ತದೆಂದು ನೋಡುತ್ತಾ ಕೂರುವುದು ಅವರ ಚಾಳಿ. ತಾವೇ ಮಾಡಿದ ನೆಲವಾದರೆ ಹೋಗಲಿ ಎನ್ನಬಹುದು, ಊರವರ ನೆಲಕ್ಕೆಲ್ಲ ಇದೇ ಪರೀಕ್ಷೆ. ನಮ್ಮ ಮನೆಗೆ ಬಂದಾಗಲೂ ಬಿಡಲಿಲ್ಲ. ಅಮ್ಮ ಸಿಟ್ಟಿನಿಂದ ಒರೆಸುವ ಬಟ್ಟೆಯನ್ನು ತಂದು ಅವರ ಮುಂದೆಯೇ ಹಾಕಿದರು. ಮೇಸ್ತ್ರಿ ಒಂದಿಷ್ಟೂ ಬೇಜಾರಿಲ್ಲದೆ ತಾವೇ ಒರೆಸಿ, "ವಾಟ ಸಾಲ್ದು ಅಮ್ಮಾ. ಯಾರು ಮಾಡಿದ್ದು ಇದನ್ನ?" ಎಂದು ಕೇಳಿದರು.

ವಾಟ ಎಂದರೆ ನೀರು ಹರಿದುಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರು. ನೋಡಿದರೆ ಕಾಣಿಸಬಾರದು, ನೀರಿಗೆ ಮಾತ್ರ ಗೊತ್ತಾಗಬೇಕು. ಈ ಮಾತು ನಾನು ಓದಿದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ. ಚಿಕ್ಕಮಗಳೂರಿನ ಕಂಟ್ರಾಕ್ಟರ್ ಪ್ರಸನ್ನ ಅವರ ಬಳಿ ಸೈಟ್ ಇಂಜಿನಿಯರ್ ಆಗಿ ಸೇರಿದ ಮೊದಲ ದಿನ, ಮೇಸ್ತ್ರಿ ಆಗಷ್ಟೇ ಮುಗಿಸಿದ್ದ ಒಂದು ಬಚ್ಚಲಿನ ನೆಲದ ಮೇಲೆ ಲೆವೆಲ್ ಇಟ್ಟು, "ಇದು ಸಮ ಇಲ್ವಲ್ಲ ಮೇಸ್ತ್ರಿ" ಎಂದೆ. ಕೆಲಸದವರೆಲ್ಲ ಕಿಸಕ್ಕೆಂದರು. ಮೇಸ್ತ್ರಿ ನಗಲಿಲ್ಲ.

"ಸಮ ಇರ್ಬೇಕಾದ್ದು ಕೇರಂ ಬೋರ್ಡು, ಇಂಜಿನಿಯರಮ್ಮ. ನೀರಿಗೆ ದಾರಿ ತೋರಿಸ್ದಿದ್ರೆ ಅದು ಉಂಡ ನೆಂಟರ ಥರ ಅಲ್ಲೇ ಕೂತುಬಿಡ್ತದೆ. ಎಬ್ಬಿಸೋದು ಭಾರೀ ಕಷ್ಟ."

ನನ್ನ ನಾಲ್ಕು ವರ್ಷದ ಓದು ಅವತ್ತು ಆ ಬಚ್ಚಲಿನಲ್ಲೇ ತೊಳೆದುಹೋಯಿತು. ಅಲ್ಲಿಂದ ಮುಂದೆ ನೆಲದ ವಿಷಯ ಏನೇ ಬಂದರೂ ನಾನು ಅವರನ್ನು ಕೇಳದೆ ನಕ್ಷೆಗೆ ಸಹಿ ಹಾಕುತ್ತಿರಲಿಲ್ಲ.

ವಸ್ತಾರೆಯ ಮನುಷ್ಯ, ಸಣ್ಣ ಆಳು, ಸದಾ ಬರಿಗಾಲು. ಸುತ್ತಲಿನ ಎಸ್ಟೇಟುಗಳಲ್ಲಿ ಕಾಫಿ ಒಣಗಿಸುವ ಕಣ ಎಂದರೆ ಶೇಷಪ್ಪನೇ ಬರಬೇಕು ಎಂದು ಹಟ ಹಿಡಿಯುವ ಗೌಡರಿದ್ದರು. ನಲವತ್ತು ವರ್ಷ ತುದಿಗಾಲಲ್ಲಿ ಕೂತು, ಕರಣೆ ಎಳೆಯುತ್ತಾ ಹಿಂದೆ ಹಿಂದೆ ಸರಿದು ಅವರು ಎಷ್ಟು ಎಕರೆ ನೆಲ ಮಾಡಿದ್ದರೋ ದೇವರಿಗೇ ಗೊತ್ತು. "ಎಲ್ಲರೂ ಮುಂದೆ ನೋಡ್ಕೊಂಡು ಬದುಕ್ತಾರೆ, ನಾನು ಹಿಂದೆ ಹಿಂದೆ ಹೋಗೇ ಸಂಸಾರ ಮಾಡ್ದೆ" ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಅವರ ಮಂಡಿ ಹೋಗಿದೆ ಎಂಬುದು ನನಗೆ ಗೊತ್ತಾದದ್ದು ಆಕಸ್ಮಿಕವಾಗಿ. ಒಂದು ಸಂಜೆ ಜಗಲಿಯ ನೆಲ ಮುಗಿಸಿ, ಎಲ್ಲರೂ ಕೈಕಾಲು ತೊಳೆದು ಹೊರಟ ಮೇಲೂ ಮೇಸ್ತ್ರಿ ಬಾಗಿಲ ಬಳಿ ಕೂತೇ ಇದ್ದರು. ಕರೆದರೆ, "ನೀವು ನಡೀರಿ, ನಂಗೆ ಈ ನೆಲದ ಹತ್ರ ಸ್ವಲ್ಪ ಮಾತಾಡ್ಲಿಕ್ಕಿದೆ" ಎಂದರು. ಗಾಡಿಯವರೆಗೆ ಹೋದವಳು ಛತ್ರಿ ಮರೆತದ್ದು ನೆನಪಾಗಿ ವಾಪಸ್ಸು ಬಂದೆ. ಅವರು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಏಳಲು ಒದ್ದಾಡುತ್ತಿದ್ದರು. ನಾನು ಕೈ ಕೊಟ್ಟೆ. ಎದ್ದು ನಿಂತು ತುಂಬ ಹೊತ್ತು ನನ್ನ ಮುಖ ನೋಡಲಿಲ್ಲ.

"ಪ್ರಸನ್ನಣ್ಣಂಗೆ ಹೇಳ್ಬೇಡಿ. ಕೆಲ್ಸ ಇಲ್ದೆ ಮನೇಲಿ ಕೂತ್ರೆ ನಾನು ಮೂರು ತಿಂಗ್ಳು ಬದುಕಲ್ಲ."

ನಾನು ಹೇಳಲಿಲ್ಲ. ಆದರೆ ಪ್ರಸನ್ನ ಅವರಿಗೂ ಕಣ್ಣಿತ್ತಲ್ಲ. ಅತ್ತಿಗುಂಡಿಯ ಒಂದು ಎಸ್ಟೇಟಿನಲ್ಲಿ ದೊಡ್ಡ ಕಣದ ಕೆಲಸ ಬಂದಾಗ ಹಣ್ಣು ಕೊಯ್ಲಿಗೆ ಹೆಚ್ಚು ದಿನ ಉಳಿದಿರಲಿಲ್ಲ, ಆಳುಗಳೂ ಸಿಗುತ್ತಿರಲಿಲ್ಲ. ಅವರು ಬೆಂಗಳೂರಿನ ಕಂಪನಿಯೊಂದರಿಂದ ಎರಡು ರೋಬೋಟುಗಳನ್ನು ಬಾಡಿಗೆಗೆ ತರಿಸಿದರು. ಒಂದು ಹಸಿ ಕಾಂಕ್ರೀಟನ್ನು ಹದವಾಗಿ ಹರಡುವುದು, ಇನ್ನೊಂದು ಅದರ ಹಿಂದೆ ಹೋಗಿ ನುಣುಪು ಮಾಡುವುದು. ನನ್ನನ್ನು ಪಕ್ಕಕ್ಕೆ ಕರೆದು, "ಇದೊಂದು ಮುಗೀಲಿ, ಶೇಷಪ್ಪಂಗೆ ರೆಸ್ಟ್ ಕೊಟ್ಬಿಡೋಣ. ನೀನೇ ಹೇಳು, ನಿನ್ನ ಮಾತು ಕೇಳ್ತಾನೆ" ಎಂದರು. ಹೂಂ ಅಂದೆ. ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಮೇಸ್ತ್ರಿಯನ್ನು ಕಂಡಾಗಲೆಲ್ಲ ಬಾಯಿ ತೆರೆದು, ಮಳೆಯ ವಿಷಯವನ್ನೋ ಸಿಮೆಂಟಿನ ವಿಷಯವನ್ನೋ ಮಾತಾಡಿ ಮುಚ್ಚಿಕೊಳ್ಳುತ್ತಿದ್ದೆ.

ಯಂತ್ರದ ಜೊತೆ ಬಂದಿದ್ದ ಆಪರೇಟರ್ ರೋಹಿತ್ ಪುಣೆಯ ಕಡೆಯವನು. ಒಳ್ಳೆಯ ಹುಡುಗ, ಮುರುಕು ಕನ್ನಡ. ಮೊದಲ ದಿನ ಕಣದ ಒಂದು ಮೂಲೆಯಲ್ಲಿ ಮಾದರಿಗೆಂದು ಒಂದು ಪಟ್ಟಿ ಮಾಡಿ ತೋರಿಸಿದ. ಮರುದಿನ ಬೆಳಿಗ್ಗೆ ಅದು ಗಟ್ಟಿಯಾದ ಮೇಲೆ ಮೇಸ್ತ್ರಿ ಬಂದು, ಸುತ್ತ ನಡೆದು, ಲೋಟದ ಕೊನೆಯ ಕಾಫಿಯನ್ನು ಅದರ ಮೇಲೆ ಸುರಿದರು. ಕಾಫಿ ಎತ್ತಲೂ ಹೋಗದೆ ದೋಸೆಯ ಹಾಗೆ ದುಂಡಗೆ ನಿಂತಿತು.

"ಪರ್ಫೆಕ್ಟ್ ಲೆವೆಲ್!" ಎಂದು ರೋಹಿತ್ ಹೆಬ್ಬೆರಳು ಎತ್ತಿದ.

"ಅಯ್ಯೋ ಕರ್ಮವೇ," ಎಂದರು ಮೇಸ್ತ್ರಿ. "ವಾಟ ಎಷ್ಟು ಕೊಟ್ಟೀಯಪ್ಪಾ ಇದಕ್ಕೆ?"

ರೋಹಿತ್ ಯಂತ್ರದ ಬದಿಯಲ್ಲಿದ್ದ ಫಲಕವನ್ನು ಮುಟ್ಟಿ ತೋರಿಸಿ ಹೆಮ್ಮೆಯಿಂದ, "ಎರಡು ಸಾವಿರ" ಎಂದ.

ಮೇಸ್ತ್ರಿ ತಲೆ ಮೇಲೆ ಕೈ ಹೊತ್ತರು. "ಎರಡು ಸಾವಿರವಾ? ಇಲ್ಲಿ ಕಾಫಿ ಒಣಗಿಸ್ಲಿಕ್ಕುಂಟಾ, ಜಾರುಬಂಡೆ ಆಡ್ಲಿಕ್ಕುಂಟಾ ಮಾರಾಯ!"

ವಾಟ ಎಂದದ್ದು ಅವನಿಗೆ ವಾಟ್ ಎಂದು ಕೇಳಿಸಿ, ಮೋಟಾರಿನ ವಿದ್ಯುತ್ತಿನ ಲೆಕ್ಕ ಹೇಳಿದ್ದಾನೆ ಎಂದು ನನಗೆ ಹೊಳೆಯಲು ಒಂದು ನಿಮಿಷ ಬೇಕಾಯಿತು. ಇಬ್ಬರಿಗೂ ಬಿಡಿಸಿ ಹೇಳುವಷ್ಟರಲ್ಲಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದೆ. ತಪ್ಪು ನನ್ನದೇ. ಇಳಿಜಾರಿನ ಲೆಕ್ಕ ನಕ್ಷೆಯಲ್ಲಿದೆ, ಅವನು ನೋಡಿಕೊಳ್ಳುತ್ತಾನೆ ಎಂದು ಸುಮ್ಮನಿದ್ದೆ. ಅವನು ಅಭ್ಯಾಸಬಲದಿಂದ ಸೊನ್ನೆ ಇಟ್ಟಿದ್ದ. ಆ ಪಟ್ಟಿಯನ್ನು ಒಡೆದು ತೆಗೆಸಬೇಕಾಯಿತು.

ಆಮೇಲೆ ರೋಹಿತ್ ರಿಮೋಟಿನ ಪರದೆಯನ್ನು ಮೇಸ್ತ್ರಿಗೆ ತೋರಿಸಿದ. ಎಷ್ಟು ಇಳಿಜಾರು, ಯಾವ ಕಡೆಗೆ ಎಂದು ತುಂಬಲು ಅಲ್ಲಿ ಜಾಗವಿತ್ತು.

"ಇದರಲ್ಲಿ ಹೇಳಿದ್ರೆ ಅದು ಕೇಳ್ತದಾ?"

"ಕೇಳ್ತದೆ ಸರ್."

"ಎದುರು ಮಾತಾಡದೆ?"

"ಮಾತೇ ಆಡಲ್ಲ ಸರ್."

ಮೇಸ್ತ್ರಿ ನನ್ನ ಕಡೆ ತಿರುಗಿ, "ಇಂಥ ಹೆಲ್ಪರ್ ನಂಗೆ ಈ ಜನ್ಮದಲ್ಲಿ ಸಿಕ್ಕಿರ್ಲಿಲ್ಲ ನೋಡಿ" ಎಂದರು. ಬರಿಗಾಲಲ್ಲಿ ಕಣದ ಜಾಗವನ್ನೆಲ್ಲ ನಡೆದು, ಈ ಸಲ ಅವರೆದುರು ಮಾತೆತ್ತಲು ಹೆದರಿ ನಾನು ಕೇಳದೆಯೇ ನಕ್ಷೆಯಲ್ಲಿ ಕೆಳಗಿನ ಗೋಡೌನಿನ ಕಡೆಗೆ ಬಿಟ್ಟಿದ್ದ ನೀರನ್ನು ಚರಂಡಿಯ ಕಡೆಗೆ ತಿರುಗಿಸಿದರು. "ಹತ್ತಡಿಗೆ ಒಂದಿಂಚು ಸಾಕು" ಎಂದರು. ರೋಹಿತ್ ಅಂಕಿ ಒತ್ತಿದ. ಮಧ್ಯಾಹ್ನದ ಹೊತ್ತಿಗೆ ರಿಮೋಟ್ ಮೇಸ್ತ್ರಿಯ ಕೊರಳಲ್ಲೇ ನೇತಾಡುತ್ತಿತ್ತು. ಅಂಚಿನಲ್ಲಿ ನಿಂತು, "ಹೋಗು ಮಾರಾಯ, ಹೆದರ್ಬೇಡ, ಸ್ವಲ್ಪ ಬಲಕ್ಕೆ" ಎಂದು ಎತ್ತಿಗೆ ಹೇಳುವ ಹಾಗೆ ಯಂತ್ರಕ್ಕೆ ಹೇಳುತ್ತಿದ್ದರು. ಗುಂಡಿ ಒತ್ತಿದರೆ ಸಾಕು, ಬಾಯಲ್ಲಿ ಹೇಳಬೇಕಾಗಿಲ್ಲ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಸಂಜೆ ನನ್ನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, "ಇವತ್ತು ಇಡೀ ದಿನ ನಿಂತ್ಕೊಂಡೇ ನೆಲ ಮಾಡ್ದೆ ಇಂಜಿನಿಯರಮ್ಮ" ಎಂದರು. ಅವರ ಮುಖದಲ್ಲಿದ್ದ ಹಿಗ್ಗನ್ನು ನೋಡಿ ನನಗೆ ಖುಷಿಯಾಯಿತು. ಆದರೆ ಪ್ರಸನ್ನ ಅವರ ಮಾತು ಇನ್ನೂ ನನ್ನ ಬಾಯಲ್ಲೇ ಇತ್ತು.

ಕಣ ಮುಗಿದು ಎರಡು ವಾರಕ್ಕೆ ಸ್ವಾತಿ ಮಳೆ ಹೊಡೆಯಿತು. ಪ್ರಸನ್ನ ಅವರು, ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರು, ನಾನು, ಮೇಸ್ತ್ರಿ ನಾಲ್ವರೂ ಗೋಡೌನಿನ ಮಾಡಿನ ಕೆಳಗೆ ನಿಂತು ನೋಡುತ್ತಿದ್ದೆವು. ಅಷ್ಟು ದೊಡ್ಡ ಕಣದ ನೀರೆಲ್ಲ ಒಂದೇ ಕಡೆಗೆ ಸರಿದು ಚರಂಡಿಗೆ ಇಳಿಯಿತು. ಮಳೆ ನಿಂತ ಮೇಲೆ ರೈಟರು ಕಣದ ತುಂಬ ಓಡಾಡಿ, ಒಂದು ಹನಿ ನಿಂತ ಜಾಗ ಸಿಗದೆ ವಾಪಸ್ಸು ಬಂದರು.

ಪ್ರಸನ್ನ ಅವರು ಮೇಸ್ತ್ರಿಯ ಕಡೆ ತಿರುಗಿದರು. "ಶೇಷಪ್ಪ, ಮುಂದಿನ ವಾರ ಕಳಸದಲ್ಲಿ ಕಲ್ಯಾಣ ಮಂಟಪದ ನೆಲ ಇದೆ. ಮಿಷನ್ ಜೊತೆ ನೀನೇ ಹೋಗ್ತೀಯಾ?"

"ಹೋಗದೆ ಎಂತ ಮಾಡ್ತೀನಿ," ಎಂದರು ಮೇಸ್ತ್ರಿ.

ಜೀಪಿನಲ್ಲಿ ಇಳಿದು ಬರುವಾಗ ಅವರು ಕಿಟಕಿಯಾಚೆ ನೋಡುತ್ತಲೇ, "ಇಷ್ಟು ದಿನದಿಂದ ನಂಗೆ ಎಂಥದೋ ಹೇಳ್ಬೇಕು ಅಂತ ಬಾಯಿ ತೆಗ್ದು ಮುಚ್ತಾ ಇದ್ರಿ. ಇನ್ನು ಹೇಳೋದು ಬೇಡ ಅಲ್ವಾ?" ಎಂದು ಕೇಳಿದರು. ನನಗೆ ಅಳುವೇ ಬಂತು. ಬೇಡ ಎಂದು ತಲೆ ಅಲ್ಲಾಡಿಸಿದೆ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಆ ಬಾಡಿಗೆ ಕಂಪನಿಯವರೇ ಅವರನ್ನು ಕರೆದರು. ಊರೂರಿಗೆ ಹೋಗುವ ತಮ್ಮ ಯಂತ್ರಗಳ ಜೊತೆ, ನೀರು ಯಾವ ಕಡೆ ಹೋಗಬೇಕೆಂದು ನೆಲ ನೋಡಿ ಹೇಳುವ ಒಬ್ಬರು ಬೇಕಿತ್ತಂತೆ. ರೋಹಿತ್ ಅವರ ಹೆಸರು ಹೇಳಿದ್ದ. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಚಿಕ್ಕಮಗಳೂರು ಬಸ್‌ಸ್ಟ್ಯಾಂಡಿನಲ್ಲಿ, ಹುಬ್ಬಳ್ಳಿ ಬಸ್ಸಿನ ಪಕ್ಕ. ಕಾಲಲ್ಲಿ ಕಂಪನಿ ಕೊಟ್ಟ ಶೂ ಇತ್ತು, ಕೆಸರಿನಲ್ಲಿ ನಡೆಯುವವರ ಹಾಗೆ ಕಾಲು ಎತ್ತೆತ್ತಿ ಇಡುತ್ತಿದ್ದರು. ಅವರ ಹೆಂಡತಿ ಪದ್ಮಕ್ಕ, "ಅರವತ್ತೆರಡು ವರ್ಷದ ಗಂಡನಿಗೆ ಬುತ್ತಿ ಕಟ್ಟಿ ಕೆಲ್ಸಕ್ಕೆ ಕಳ್ಸೋ ಹಣೆಬರಹ ನಂದು" ಎಂದು ಬೈಯುತ್ತಲೇ, ಅವರ ಕೊರಳಿನ ಗುರುತಿನ ಚೀಟಿಯನ್ನು ಕಂಡಕ್ಟರಿಗೂ ಪಕ್ಕದ ಸೀಟಿನವರಿಗೂ ಎತ್ತಿ ತೋರಿಸುತ್ತಿದ್ದರು. ಬಸ್ಸು ಹೊರಟ ಮೇಲೆ ಪದ್ಮಕ್ಕನೂ ನಾನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು.

ಅವರಿಲ್ಲದೆ ನನಗೆ ಕೈ ಮುರಿದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. ಮೊನ್ನೆ ಮೂಡಿಗೆರೆಯ ಒಂದು ತಾರಸಿಯ ಮೇಲೆ ನಿಂತು, ಯಾವ ಕಡೆಗೆ ನೀರು ಬಿಡಬೇಕೆಂದು ತೋಚದೆ ಫೋನ್ ಮಾಡಿದೆ. ಆ ಕಡೆಯಿಂದ ಯಂತ್ರಗಳ ಗದ್ದಲ, ಯಾರಿಗೋ ಹಿಂದಿಯಲ್ಲೋ ಕನ್ನಡದಲ್ಲೋ ಬೈಯುತ್ತಿದ್ದ ಮೇಸ್ತ್ರಿಯ ದನಿ. ನಾನು ತಾರಸಿಯ ಕಥೆ ಶುರುಮಾಡಿ ಎರಡು ಮಾತು ಆಡಿರಲಿಲ್ಲ.

"ಇಂಜಿನಿಯರಮ್ಮಾ, ನಂಗೀಗ ಪುರುಸೊತ್ತಿಲ್ಲ, ಇಲ್ಲಿ ರಾಶಿ ಕೆಲ್ಸ ಬಿದ್ದಿದೆ. ನಿಮಗೆ ಗೊತ್ತಾಗ್ತದೆ, ನೀವೇ ಮಾಡಿ," ಎಂದು ಫೋನ್ ಇಟ್ಟುಬಿಟ್ಟರು.

ಯಾರಾದರೂ ಹೀಗೆ ಅರ್ಧಕ್ಕೆ ಫೋನ್ ಇಟ್ಟರೆ ನನಗೆ ಮೈ ಉರಿಯುತ್ತದೆ. ಅವತ್ತು ಮಾತ್ರ ಆ ತಾರಸಿಯ ಮೇಲೆ ಒಬ್ಬಳೇ ನಿಂತು, ಯಾರದೋ ಮದುವೆಯ ಸಿಹಿಸುದ್ದಿ ಕೇಳಿದವಳ ಹಾಗೆ ನಗುತ್ತಿದ್ದೆ.