ನಾಯಿಯ ಕೊರಳಿನ ಕೊರಡು

ತರೀಕೆರೆಯಲ್ಲಿ ಇಂಗ್ಲಿಷ್ ಪಾಠ ಮಾಡುವವಳು ನಾನು. ‘ವರಿ ಮಾಡ್ಕೋಬೇಡಿ’ ಅಂತ ದಿನಕ್ಕೆ ಹತ್ತು ಸಲ ಅನ್ನುತ್ತೇನೆ. ಈ ‘ವರಿ’ ಎಲ್ಲಿಂದ ಬಂತು ಎಂದು ಹೋದ ವಾರ ಹುಡುಗಿಯೊಬ್ಬಳು ಕೇಳಿದಳು. ನಿಘಂಟು ತೆಗೆದೆ. ಹಳೇ ಇಂಗ್ಲಿಷಿನಲ್ಲಿ ಕತ್ತು ಹಿಸುಕಿ ಕೊಲ್ಲುವುದು. ಆಮೇಲೆ, ನಾಯಿ ಕುರಿಯ ಗಂಟಲು ಕಚ್ಚಿ ಜಗ್ಗಾಡುವುದು. ಆಮೇಲೆ, ಮನುಷ್ಯರನ್ನು ಬೆನ್ನುಬಿದ್ದು ಪೀಡಿಸುವುದು. ಚಿಂತೆ ಅನ್ನುವ ಅರ್ಥ ಬಂದದ್ದು ಕೊನೆಗೆ. ಕೊನೆಯ ಎರಡನ್ನು ಹೇಳಿದೆ, ಮೊದಲಿನ ಎರಡು ಬಾಯಿಗೆ ಬರಲಿಲ್ಲ.

ಚೌಳಹಿರಿಯೂರಿನ ಹತ್ತಿರ ನಮ್ಮ ತೆಂಗಿನ ತೋಟ. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಅಪ್ಪ ಅಲ್ಲಿ ಕುರಿಮಂದೆ ನಿಲ್ಲಿಸುತ್ತಿದ್ದರು. ಮಂದೆ ಇರುವಷ್ಟು ದಿನ ನಮ್ಮ ನಾಯಿಯ ಕೊರಳಿಗೆ ಮೊಳದುದ್ದದ ಕೊರಡು ಕಟ್ಟಬೇಕು. ಓಡಿದರೆ ಕಾಲಿಗೆ ಬಡಿಯುತ್ತದೆ, ಕುರಿಯನ್ನು ಅಟ್ಟಿಕೊಂಡು ಹೋಗಲಾಗುವುದಿಲ್ಲ. ಕಾಲೇಜಿನ ರಜೆಗೆ ಬಂದಿದ್ದ ನನಗೆ ಅದರ ಮೊಣಕಾಲಿನ ಹುಣ್ಣು ನೋಡಿ ಪಾಪ ಅನ್ನಿಸಿತು. ಒಂದು ಬೆಳಿಗ್ಗೆ ಕೊರಡು ಬಿಚ್ಚಿಬಿಟ್ಟೆ. ದೊಡ್ಡ ಕರುಣಾಮಯಿ!

ಕಾಫಿ ಮುಗಿಯುವುದರೊಳಗೆ ತೋಟದಿಂದ ಕೂಗು. ಓಡಿದೆ. ನಾಯಿ ಒಂದು ಕುರಿಯ ಗಂಟಲು ಹಿಡಿದು, ಬಟ್ಟೆ ಒಗೆಯುವ ಹಾಗೆ ನೆಲಕ್ಕೆ ಬಡಿಯುತ್ತಿತ್ತು. ತೆಂಗಿನ ಮಟ್ಟೆ ತೆಗೆದು ಅದರ ಬೆನ್ನಿಗೆ ಬಾರಿಸಿದೆ. ಮಟ್ಟೆ ಮುರಿಯಿತು, ಹಲ್ಲಿನ ಹಿಡಿತ ಸಡಿಲವಾಗಲಿಲ್ಲ. ಕುರಿಯ ಕಾಲು ಒದ್ದುಕೊಳ್ಳುವುದು ನಿಂತ ಮೇಲೆ ತಾನೇ ಬಿಟ್ಟಿತು. ನನ್ನ ಮೈಮೇಲೆಲ್ಲ ರಕ್ತ. ಅಪ್ಪ ಬರುವ ಮೊದಲು ಕೊರಡನ್ನೂ ಅದರ ಹಗ್ಗವನ್ನೂ ತಿಪ್ಪೆಯಲ್ಲಿ ಹೂತೆ.

ಕುರಿ ಕಾಯುವವನು ಸತ್ತ ಕುರಿಯನ್ನು ನಮ್ಮ ಅಂಗಳಕ್ಕೆ ತಂದು ಹಾಕಿದ. “ಯಾರಾದ್ರೂ ಬಿಚ್ಚಿದ್ರೆ ಹೇಳಿ ಸ್ವಾಮಿ, ಅದು ಮನುಷ್ರು ತಪ್ಪು, ನಾಯ್ನ ಬಿಟ್ಬಿಡನ. ತಾನೇ ಹರ್ಕಂಡಿದ್ರೆ ಮಾತ್ರ ಉಳಿಸಂಗಿಲ್ಲ” ಅಂದ. ಅವರಲ್ಲಿ ಅದೇ ಕಟ್ಟಳೆ.

ಅಪ್ಪ ನನ್ನ ಕಡೆ ತಿರುಗಿದರು. “ನೀನೇನಾದ್ರೂ ಬಿಚ್ಚಿದ್ಯೇನೇ?”

“ಇಲ್ಲಪ್ಪ. ಹರ್ಕೊಂಡಿರ್ಬೇಕು.”

ಅಪ್ಪನ ಏಟಿಗೆ ಹೆದರಿ ಹೇಳಿದೆ, ಬೇರೇನೂ ಅಲ್ಲ. ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯ.

ಅಪ್ಪ ಹೊಂಗೆಯ ಕೊಂಬೆಗೆ ಹಗ್ಗ ಎಸೆದರು. ಏಟು ತಿಂದಿದ್ದ ನಾಯಿ ಬೇಲಿಯಾಚೆ ನಿಂತಿತ್ತು, ಯಾರು ಕರೆದರೂ ಬರಲಿಲ್ಲ. “ನೀನು ಕರಿಯೇ, ನಿನ್ ಮಾತು ಕೇಳುತ್ತೆ” ಅಂದರು.

ಕರೆದೆ. ಕುಂಟುತ್ತಾ, ಬಾಲ ಅಲ್ಲಾಡಿಸುತ್ತಾ ಬಂತು. ಕುಣಿಕೆಯನ್ನೂ ನಾನೇ ಹಾಕಬೇಕಾಯಿತು. ದಿನಾ ಕೊರಡು ಕಟ್ಟಿಸಿಕೊಳ್ಳುವ ಹಾಗೆಯೇ ಅದು ಕತ್ತು ಚಾಚಿ ಸುಮ್ಮನೆ ನಿಂತಿತು. ಅಪ್ಪ ಎಳೆದರು.