ಟವಲ್ ಹಾಕಿದ ಸೀಟು

“ಬಗ್ಗೀಲಿ ಹೋಗಿ ಸರ್” ಎಂದಳು ರಿಸೆಪ್ಷನ್ನಿನ ಹುಡುಗಿ.

ನಾನು ಬಗ್ಗಿದೆ. ಎದುರಿನ ಬಾಗಿಲು ಗಿಡ್ಡ ಇರಬಹುದು, ಹಿರಿಯರ ತಲೆಗೆ ಪೆಟ್ಟಾಗದಿರಲೆಂದು ಪಾಪ ಎಚ್ಚರಿಸುತ್ತಿದ್ದಾಳೆ ಎಂದುಕೊಂಡೆ. ನನ್ನ ಹಿಂದೆ ಹೆಂಡತಿ ಬಗ್ಗಿದಳು. ಅವಳ ಹಿಂದೆ ಮೊಮ್ಮಕ್ಕಳಿಬ್ಬರೂ ಬಗ್ಗಿದರು. ಹೀಗೆ ಸಾಲಾಗಿ ಬಗ್ಗಿಕೊಂಡು, ಆನೆ ನುಗ್ಗುವಷ್ಟು ಎತ್ತರದ ಗಾಜಿನ ಬಾಗಿಲನ್ನು ದಾಟಿದೆವು. ಇಷ್ಟೊಂದು ವಿನಯದ ಕುಟುಂಬವನ್ನು ವಾಚ್‌ಮನ್ ಎಂದೂ ಕಂಡಿರಲಿಲ್ಲವೇನೋ, ಅವನೂ ಬಗ್ಗಿ ನಮಸ್ಕಾರ ಮಾಡಿದ.

“ಯಾಕ್ ಬಗ್ಗಿಸಿದ್ರಿ ನಮ್ಮನ್ನ? ನನ್ನ ನಡ ಹಿಡ್ಕಂತು” ಎಂದಳು ಹೆಂಡತಿ.

ಬಗ್ಗಿ ಎಂದರೆ ಬ್ಯಾಟರಿ ಗಾಡಿಯಂತೆ! ಮೇಲೊಂದು ಚಾವಣಿ, ಎರಡೂ ಬದಿ ಬಯಲು, ಒಂದಷ್ಟು ಸೀಟು. ನಮ್ಮ ಟ್ರ್ಯಾಕ್ಸ್ ಗಾಡಿಯ ಬಾಗಿಲು ಕಿತ್ತು, ಸದ್ದು ಅಡಗಿಸಿ, ಡ್ರೈವರನಿಗೆ ಟೋಪಿ ಹಾಕಿದರೆ ಬಗ್ಗಿ ಆಗುತ್ತದೆ. ಥೀಮ್ ಪಾರ್ಕ್ ರೆಸಾರ್ಟ್ ಎಂಬ ಲೋಕದಲ್ಲಿ ಈ ಮೂಲೆಯಿಂದ ಆ ಮೂಲೆಗೆ ಜನರನ್ನು ಸಾಗಿಸುವುದು ಅದೇ.

ಹೂವಿನಹಡಗಲಿಯಿಂದ ನಮ್ಮನ್ನು ಆ ಲೋಕಕ್ಕೆ ಕರೆದೊಯ್ದವನು ಮಗ. ಹೋದ ಕೂಡಲೇ ಅವನೂ ಸೊಸೆಯೂ ಅಲೆ ಏಳುವ ಈಜುಕೊಳಕ್ಕೆ ಇಳಿದರು. “ಮಾವಾ, ಒಂಚೂರು ಹುಡುಗ್ರನ್ನ ನೋಡ್ಕಳ್ರಿ” ಎಂದು ಸೊಸೆ ಹೇಳಿದ್ದು ಕೇಳಿಸಿತು. ಆಮೇಲೆ ಅವರ ತಲೆಗಳಷ್ಟೇ ಆಗಾಗ ಕಾಣಿಸಿದವು.

ಮೊಮ್ಮಗಳು ಖುಷಿಗೆ ಐದು ವರ್ಷ. ಮೊಮ್ಮಗ ಮೈಲಾರಿಗೆ ಮೂರು. (ಮೊದಲ ಹೆಸರು ಸೊಸೆಯ ಆಯ್ಕೆ, ಎರಡನೆಯದು ನನ್ನ ಹೆಂಡತಿಯದು. ನಮ್ಮ ಮನೆಯಲ್ಲಿ ಶಾಂತಿ ನೆಲೆಸಿರುವುದು ಹೀಗೆ.) ಮೈಲಾರಿಗೆ ಎಲ್ಲವೂ ಬೇಕು. ಖುಷಿಗೆ ಬೇಕಾದದ್ದು ಒಂದೇ. ರೈಲು.

ನಮ್ಮೂರಿಗೆ ರೈಲಿಲ್ಲ. ಹೆಸರಾಂತ ನಮ್ಮೂರ ಮಲ್ಲಿಗೆ ಹೂವೂ ಬಸ್ಸಿನಲ್ಲೇ ಹೋಗುತ್ತದೆ, ನಾವೂ ಬಸ್ಸಿನಲ್ಲೇ ಹೋಗುತ್ತೇವೆ. ಖುಷಿ ರೈಲು ನೋಡಿದ್ದು ಒಂದೇ ಸಲ, ಕೊಟ್ಟೂರಿನಲ್ಲಿ ಗೇಟು ಹಾಕಿದ್ದಾಗ. ಈ ಪಾರ್ಕಿನಲ್ಲಿ ಮಕ್ಕಳ ರೈಲು ಇದೆಯೆಂದು ಮಗ ಹೇಳಿದಂದಿನಿಂದ ಅದರ ಹೆಸರಿನಲ್ಲಿ ನಾನು ಅವಳಿಗೆ ಹಾಲು ಕುಡಿಸಿದ್ದೇನೆ, ಜಡೆ ಹಾಕಿಸಿದ್ದೇನೆ, ಜ್ವರದ ಕಹಿ ಔಷಧಿಯನ್ನೂ ನುಂಗಿಸಿದ್ದೇನೆ. “ಅಜ್ಜ, ಖರೇನಾ?” ಎಂದು ಕೇಳಿದಾಗಲೆಲ್ಲ “ಖರೇ” ಎಂದಿದ್ದೇನೆ.

ಕೊನೆಯ ರೈಲು ಐದಕ್ಕೆ ಎಂದು ಬೋರ್ಡಿನಲ್ಲಿ ಓದಿದಾಗ ನಾವು ಪಾರ್ಕಿನ ಈ ತುದಿಯಲ್ಲಿ, ಡೈನೋಸಾರುಗಳ ನಡುವೆ ಇದ್ದೆವು. ರೈಲು ಆ ತುದಿಯಲ್ಲಿತ್ತು. ಐದಾಗಲು ಹೆಚ್ಚು ಹೊತ್ತಿರಲಿಲ್ಲ. ಬಗ್ಗಿ ಹಿಡಿಯಲೇಬೇಕು.

ನಾನು ಹೆಗಲ ಮೇಲಿನ ಟವಲ್ ತೆಗೆದೆ.

ಓದುಗರೇ, ನಮ್ಮ ಕಡೆಯವರಿಗೆ ಟವಲ್ ಎಂದರೆ ಮೈ ಒರೆಸುವ ಬಟ್ಟೆಯಲ್ಲ, ದಸ್ತಾವೇಜು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಯಾವ ಬಸ್ ಸ್ಟ್ಯಾಂಡಿಗಾದರೂ ಹೋಗಿ ನೋಡಿ. ಬಸ್ಸು ಇನ್ನೂ ನಿಂತಿರುವುದಿಲ್ಲ, ಕಿಟಕಿಯಿಂದ ಟವಲ್ ಒಳಗೆ ಬಿದ್ದಿರುತ್ತದೆ. ಬಿತ್ತೆಂದರೆ ಆ ಸೀಟು ನಿಮ್ಮದು. (ಟವಲ್ ಇಲ್ಲದವರು ಕರ್ಚೀಫು, ಕೈಚೀಲ, ಒಂಟಿ ಚಪ್ಪಲಿ ಹಾಕುವುದುಂಟು. ನನ್ನ ಷಡ್ಡಕರೊಬ್ಬರು ಅವಸರದಲ್ಲಿ ಕನ್ನಡಕ ಹಾಕಿ, ಆಮೇಲೆ ಯಾವ ಸೀಟಿಗೆ ಹಾಕಿದ್ದೆಂದು ಕಾಣದೆ ಬಸ್ಸಿಡೀ ತಡಕಾಡಿದ್ದರು.) ಒಂದೇ ಸೀಟಿಗೆ ಎರಡು ಟವಲ್ ಬಿದ್ದರೆ? ಅದಕ್ಕೂ ಕಾಯ್ದೆಯಿದೆ. ಕೆಳಗಿರುವುದು ಮೊದಲು ಬಿದ್ದದ್ದು, ಸೀಟು ಅದರದ್ದು. ಮೇಲಿನದರ ಒಡೆಯರು ಅದನ್ನು ಹೆಗಲಿಗೇರಿಸಿಕೊಂಡು ನಿಲ್ಲಬೇಕು. ಇದನ್ನು ಯಾವ ಶಾಸನಸಭೆಯೂ ಪಾಸು ಮಾಡಿಲ್ಲ. ಅದಕ್ಕೇ ಇರಬೇಕು, ಎಲ್ಲರೂ ಪಾಲಿಸುತ್ತಾರೆ.

ಮೊದಲ ಬಗ್ಗಿ ಬಂತು. ಟವಲ್ ಒಗೆದೆ. ಸೀಟಿನ ನಟ್ಟನಡುವೆ ಬಿತ್ತು. ಮೈಲಾರಿಯನ್ನು ಎತ್ತಿಕೊಂಡು ಬರುವಷ್ಟರಲ್ಲಿ ನಗರದ ಜೋಡಿಯೊಂದು ಅಲ್ಲಿ ಕೂತಿತ್ತು. ಆ ಹುಡುಗಿ ನನ್ನ ಟವಲನ್ನು ಅಚ್ಚುಕಟ್ಟಾಗಿ ಮಡಚಿ ಕೈಗಿತ್ತಳು.

“ಅಂಕಲ್, ನಿಮ್ ಟವಲ್ ಬಿದ್ದೋಗಿತ್ತು.”

ಬಿದ್ದು ಹೋಗಿತ್ತಂತೆ! ಬೀಳುವುದಕ್ಕೂ ಹಾಕುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ವಿವರಿಸುವ ಮೊದಲೇ ಗಾಡಿ ಹೊರಟುಹೋಯಿತು. ಥ್ಯಾಂಕ್ಸ್ ಬೇರೆ ಹೇಳಿದ್ದೆ.

ಎರಡನೆಯದು ಬಂತು. ಹಿಂದಿನ ಸೀಟು ಖಾಲಿ. ನಿಲ್ಲುವ ಮೊದಲೇ ಒಗೆದೆ. ಮಕ್ಕಳನ್ನು ಒಟ್ಟುಮಾಡಿಕೊಂಡು ಓಡಿದರೆ, ಗಾಡಿಯ ಆಚೆ ಬದಿಯಲ್ಲಿ ಇಬ್ಬರು ಹುಡುಗರನ್ನು ಹಿಡಿದುಕೊಂಡು ಒಬ್ಬ ಹೆಣ್ಣುಮಗಳು ನಿಂತಿದ್ದರು. ಸೀಟಿನ ಮೇಲೆ ಎರಡು ಟವಲ್. ನನ್ನದು ಬಿಳಿ, ಅವರದು ಹಸಿರು.

“ಯಜಮಾನ್ರೇ, ಈ ಸೀಟು ನಮ್ದು.”

“ಅದ್ಹೆಂಗ ತಂಗೀ? ಗಾಡಿ ನಿಲ್ಲೋಕಿಂತ ಮೊದ್ಲ ಒಗದೀನಿ ನಾನು.”

“ನಾನೂ ಒಗ್ದಿದೀನಲ್ರೀ. ಯಾರ್ದು ಕೆಳಗೈತೆ ನೋಡ್ರಿ ಮತ್ತೆ.”

ನನಗೆ ಎದೆ ತುಂಬಿಬಂತು. ಈ ಪರದೇಶದಲ್ಲಿ ಕಾಯ್ದೆ ಬಲ್ಲವರು ಒಬ್ಬರಾದರೂ ಸಿಕ್ಕರಲ್ಲ!

“ಯಾವೂರವ್ವಾ ನಿಂದು?” ಎಂದಳು ಹೆಂಡತಿ.

“ಹರಪನಹಳ್ಳಿ ಕಡೆ, ನೀಲಗುಂದ.”

ನೋಡಿದೆ. ಹಸಿರು ಕೆಳಗಿತ್ತು, ಬಿಳಿ ಮೇಲಿತ್ತು. ಇನ್ನು ಮಾತಿಲ್ಲ. ಗಂಭೀರವಾಗಿ ನನ್ನ ಟವಲ್ ಎತ್ತಿಕೊಂಡೆ. ಮಕ್ಕಳನ್ನಷ್ಟಾದರೂ ಹತ್ತಿಸಿಕೊಳ್ಳಪ್ಪ ಎಂದರೆ ಡ್ರೈವರ್ ತಲೆಯಾಡಿಸಿದ. “ಎಕ್ಸ್‌ಟ್ರಾ ಹತ್ತಿಸಂಗಿಲ್ಲ ಸರ್, ಕೆಲ್ಸ ಹೋಕ್ಕತಿ.”

“ನೀವೆಲ್ಲಿಗೆ ಹೊಂಟೀರಿ?” ಎಂದು ಕೇಳಿದರು ನೀಲಗುಂದದವರು, ಕೂತ ಮೇಲೆ.

“ರೈಲಿಗೆ” ಎಂದಳು ಖುಷಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ ದನಿಯಲ್ಲಿ. ಅವರು ಅವಳನ್ನೇ ನೋಡುತ್ತಿದ್ದಂತೆ ಗಾಡಿ ಸದ್ದಿಲ್ಲದೆ ಹೋಯಿತು.

“ಸುಮ್ನ ಹತ್ತಿ ಕುಂಡ್ರಬೇಕಿತ್ತು” ಎಂದಳು ಹೆಂಡತಿ.

“ಅವರ ಟವಲ್ ಕೆಳಗಿತ್ತಲ್ಲ, ಹೆಂಗ ಕುಂಡ್ರಲಿ?”

“ಮದ್ವಿ ಆದಾಗಿಂದ ಇದಾ ಆತು. ಯಾರದರ ಟವಲ್ ಕೆಳಗ ಇರತೈತಿ ನಿಮಗ.”

ನಡೆದೆವು. ನಡೆದೆವು ಎಂದರೆ ಮೂವರು. ಮೈಲಾರಿ ನನ್ನ ಹೆಗಲ ಮೇಲಿದ್ದು, ಐಸ್‌ಕ್ರೀಮ್ ಕಂಡಲ್ಲೆಲ್ಲ ನನ್ನ ಕಿವಿಯನ್ನು ಆ ದಿಕ್ಕಿಗೆ ತಿರುಗಿಸುತ್ತಿದ್ದ. ಇಂಥ ಪಾರ್ಕುಗಳಲ್ಲಿ ನೇರ ದಾರಿ ಎಂಬುದು ಇಲ್ಲ, ಗಮನಿಸಿದ್ದೀರಾ? ಎಲ್ಲ ದಾರಿಗಳೂ ಆಟಿಕೆ ಅಂಗಡಿಯ ಒಳಗಿಂದಲೇ ಹೋಗುತ್ತವೆ. ಬಾಣದ ಗುರುತು ನಂಬಿ ಹೋದರೆ ಗೊಂಬೆಗಳ ಅಂಗಡಿ. ಅದರಿಂದ ಹೊರಬಂದರೆ ಟೋಪಿ ಅಂಗಡಿ. “ಮೈಲಾರ ಜಾತ್ರಿಗೆ ಬರಿಗಾಲಿಲೇ ನಡದು ಬಂದಾಕಿ ನಾನು. ದೇವ್ರು ಇಷ್ಟು ತಿರುಗಿಸಿರಲಿಲ್ಲ” ಎಂದಳು ಹೆಂಡತಿ.

ಖುಷಿ ಮಾತ್ರ ಯಾವ ಗೊಂಬೆಯನ್ನೂ ನೋಡಲಿಲ್ಲ. ನನ್ನ ಬೆರಳು ಹಿಡಿದು ಓಡುತ್ತಿದ್ದಳು.

“ಅಜ್ಜ, ರೈಲು ಹೋಗಿಬಿಡತೈತಾ?”

“ಇಲ್ಲವ್ವ.”

“ಖರೇನಾ?”

ಮೊದಲ ಬಾರಿಗೆ ನನ್ನ ಬಾಯಿಂದ “ಖರೇ” ಹೊರಡಲಿಲ್ಲ. ಆಗಲೇ ದೂರದಲ್ಲಿ ರೈಲು ಸೀಟಿ ಊದಿತು.

ತಲುಪಿದಾಗ ಗೇಟಿಗೆ ಸರಪಳಿ ಹಾಕಿಯಾಗಿತ್ತು. ರೈಲಿನ ತುಂಬ ಮಕ್ಕಳು, ದೊಡ್ಡವರು. “ಫುಲ್ ಸರ್, ಇದೇ ಲಾಸ್ಟು” ಎಂದ ಗೇಟಿನವನು. ಖುಷಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ನನ್ನ ಬೆರಳು ಬಿಟ್ಟಳು, ಅಷ್ಟೇ.

ಆಗ ಕೊನೆಯ ಡಬ್ಬಿಯಿಂದ ಒಂದು ದನಿ ಕೇಳಿಸಿತು.

“ಏ ತಮ್ಮಾ, ಕುಂದ್ರಬ್ಯಾಡ, ಅಲ್ಲಿಗೆ ಜನ ಐತೆ!”

ನೀಲಗುಂದದವರು! ತಮ್ಮ ಹಿಂದಿನ ಸೀಟಿನ ಮೇಲೆ ಹಸಿರು ಟವಲ್ ಹಾಸಿ, ಅದರ ಮೇಲೆ ಕೈಯೂರಿ, ಜೀನ್ಸ್ ತೊಟ್ಟ ತರುಣನೊಬ್ಬನ ಜೊತೆ ಜಗಳಕ್ಕೆ ನಿಂತಿದ್ದರು.

“ಯಾರ್ ಮೇಡಂ? ಎಲ್ಲಿದ್ದಾರೆ? ಆಗಿಂದ ಹೇಳ್ತಾನೇ ಇದ್ದೀರ.”

“ಅಗಾ ಬಂದ್ರು ನೋಡು, ಹುಡುಗನ್ನ ಹೊತ್ಕಂಡು. ಬರ್ರೀ ಯಜಮಾನ್ರೇ, ಎಷ್ಟೊತ್ತು ಟವಲ್ ಕಾಯ್ಲಿ ನಾನು?”

ಗೇಟಿನವನು ಸರಪಳಿ ತೆಗೆದ. ಹೆಂಡತಿ “ನೀವು ಹೋಗ್ರಿ, ನನಗ ಕುಂಡ್ರಾಕ ಕಟ್ಟಿ ಸಿಕ್ಕರ ಸಾಕು” ಎಂದು ಅಲ್ಲೇ ಉಳಿದಳು. ಮೈಲಾರಿಯನ್ನು ತೊಡೆಯ ಮೇಲೆ, ಖುಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ರೈಲು ಹೊರಟಿತು. ಖುಷಿ ಎರಡೂ ಕೈ ಎತ್ತಿ ಇಡೀ ಪಾರ್ಕಿಗೆ ಟಾಟಾ ಮಾಡಿದಳು. ಡೈನೋಸಾರುಗಳಿಗೂ.

ನಾನು ಮುಂದಿನ ಸೀಟಿನತ್ತ ಬಗ್ಗಿದೆ. “ದೊಡ್ಡ ಉಪಕಾರ ಆತು ತಂಗೀ. ನಮ್ಮ ಹೆಸರೂ ಗೊತ್ತಿಲ್ಲ ನಿಮಗ. ಆದ್ರೂ ಸೀಟು ಹಿಡದೀರಿ.”

ಅವರು ಹಿಂದಕ್ಕೆ ತಿರುಗಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

“ಉಪಕಾರ ಎಂಥದ್ರೀ? ಆ ಗಾಡ್ಯಾಗೆ ನಿಮ್ ಟವಲ್ಲೇ ಕೆಳಗಿತ್ತು. ನೀವು ಹುಡುಗ್ರನ್ನ ಕರ್ಕಂಡ್ ಬರಾದ್ರೊಳಗೆ ನಂದನ್ನ ನಿಮ್ದರ ಕೆಳಗೆ ತೂರಿಸ್ದೆ.”

ನಾನು ದಂಗಾದೆ. “ಅಲ್ಲವ್ವಾ, ಅದನ್ನ ಅಲ್ಲೇ ಹೇಳಬೇಕಿಲ್ಲೇನು?”

“ಅಲ್ಲೇ ಹೇಳಿದ್ರೆ ಸೀಟು ಹೋಗ್ತಿತ್ತಲ್ರೀ!”

ಅವರ ಟವಲ್ ಮೇಲೆ ಕೂತುಕೊಂಡು ನಾನಾದರೂ ಏನೆಂದು ವಾದಿಸಲಿ?