ಆರತಿ ಎತ್ತಿದ ಕೈ

ಬೆಳಕು ಹರಿಯುವ ಮೊದಲೇ ನಾಗಿಯ ಬೆರಳುಗಳು ಮಂಜುಗಡ್ಡೆಯೊಳಗಿವೆ. ಸಿಗಡಿಯ ತಲೆ ಮುರಿದು, ಸಿಪ್ಪೆ ಬಿಡಿಸಿ, ಬೆನ್ನಿನ ಕಪ್ಪು ನರ ಎಳೆದು ಬುಟ್ಟಿಗೆ ಹಾಕುತ್ತಾರೆ. ಅಮದಳ್ಳಿ ಸಮೀಪದ ಈ ಕಾರ್ಖಾನೆಯಲ್ಲಿ ಈ ವರ್ಷದ ಮಳೆಗಾಲದವರೆಗೆ ಮೇಜಿನ ಎರಡೂ ಬದಿಗೆ ಹೆಂಗಸರು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಈಗ ನಾಗಿ ಒಬ್ಬರೇ. ಆಚೆ ಸಿಪ್ಪೆ ಸುಲಿಯುವ ಯಂತ್ರ ಓಡುತ್ತಿದೆ. ಅದು ಅರ್ಧಂಬರ್ಧ ಸುಲಿದು ಬಿಟ್ಟದ್ದಷ್ಟೇ ಇವರ ಪಾಲಿಗೆ.

ಬೊಬ್ರುವಾಡದ ನಾಗಿಗೆ ಐವತ್ತರ ಹತ್ತಿರ. ಗಂಡ ತುಳಸಿದಾಸ ದೋಣಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆ ನಡೆಯುವುದು ಈ ಕೈಗಳಿಂದಲೇ. ಬೆರಳ ತುದಿಗಳು ಬಿಳಿಚಿ ಒಡೆದಿವೆ. "ಗಂಜಿಗೆ ಉಪ್ಪು ಹಾಕೂಕೂ ಉರೀತದೆ," ಎನ್ನುತ್ತಾರೆ.

ಹೋದ ವರ್ಷ ಆಯುಧಪೂಜೆಗೆ ಯಂತ್ರ ಬಂತು. ಹೆಂಗಸರಿಗೆ ದಿಗಿಲು. ಮ್ಯಾನೇಜರು ಎಲ್ಲರನ್ನೂ ಕೂಡಿಸಿ ಲಾಡು ಹಂಚಿದರು. "ಇದು ನಿಮ್ಮ ಕೈಗೆ ನೆರವಾಗೋಕೆ ಬಂದದ್ದು. ನಾವೆಲ್ಲ ಒಂದೇ ಕುಟುಂಬ. ನಾಗಿಬಾಯಿ, ನೀವೇ ಹಿರಿಯರು, ಆರತಿ ಎತ್ತಿ," ಎಂದರು. ಪಕ್ಕದಲ್ಲಿದ್ದ ಗೆಳತಿ ಮಂಜಿ ಕಿವಿಯಲ್ಲಿ, "ಸವತಿಗೆ ಆರತಿ ಎತ್ತತ್ಯೇನೆ?" ಎಂದು ನಕ್ಕರು. ನಾಗಿ ಎತ್ತಿದರು.

"ಕೆಲ್ಸದಿಂದ ತೆಗ್ಯೂದಿದ್ರೆ ನಮ್ಮ ಕೈಲೇ ಆರತಿ ಮಾಡಿಸ್ತಿದ್ರಾ? ಹಂಗಂದ್ಕಂಡೆ. ಮಂಜಿಗೂ ನಾನೇ ಹೇಳ್ದೆ, ಹೆದರೂದು ಬೇಡ ಮಾರಾಯ್ತಿ ಅಂತ."

ಮಂಜಿಗೆ ಆಗ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಸಿಗುವುದಿತ್ತು. ನಾಗಿಯ ಮಾತು ನಂಬಿ ಅದನ್ನು ಬಿಟ್ಟುಬಿಟ್ಟರು.

ಈ ವರ್ಷ ಮಳೆಗಾಲದ ರಜೆ ಮುಗಿದ ಮೊದಲ ಬೆಳಿಗ್ಗೆ ಕಂಪನಿಯ ಟೆಂಪೋ ನಾಗಿಯನ್ನು ಹತ್ತಿಸಿಕೊಂಡಿತು. ಮುಂದಿನ ತಿರುವಿನಲ್ಲಿ ಮಂಜಿ ಊಟದ ಡಬ್ಬಿ ಹಿಡಿದು ಕೈ ಮಾಡಿದರು. ಟೆಂಪೋ ನಿಲ್ಲಲಿಲ್ಲ. ಮರೆತರೇನೋ ಎಂದು ನಾಗಿ ತಗಡು ಬಡಿದು ಕೂಗಿದರು. ಚಾಲಕ ಹುಲಿಯಾ ತಿರುಗಲಿಲ್ಲ. "ಇಲ್ಲೆಲ್ಲ ನಿಲ್ಸೂದು ಬೇಡ ಅಂದಾರೆ ನಾಗಕ್ಕ. ನಿನ್ನೊಬ್ಳನ್ನೇ ಕರ್ಕಂಬಾ ಅಂದಾರೆ."

ಉಳಿದ ಹೆಂಗಸರಿಗೆ ಕೆಲಸ ಹೋದ ಸುದ್ದಿಯನ್ನು ಕಂಪನಿ ತಿಳಿಸಿದ್ದು ಹೀಗೆ. ಅವರನ್ನು ಕರೆದು ಯಾರೂ ಏನೂ ಹೇಳಿಲ್ಲ.

ಎರಡನೆಯ ಯಂತ್ರ ಬರುತ್ತಿದೆ. ಆರತಿಗೆ ತಟ್ಟೆ ಸಿದ್ಧವಿಡಲು ಮ್ಯಾನೇಜರು ನಾಗಿಗೆ ಹೇಳಿದ್ದಾರೆ. ಇವರು ಹೂಂ ಎಂದಿದ್ದಾರೆ. ಮಂಜಿ ಮಾತು ಬಿಟ್ಟಿದ್ದಾರೆ. ಆ ತಿರುವು ಬಂದಾಗ ನಾಗಿ ಟೆಂಪೋದಲ್ಲಿ ತಲೆ ತಗ್ಗಿಸಿ ಕೂರುತ್ತಾರೆ, ಹೊರಗಿನಿಂದ ಕಾಣದಷ್ಟು.

ಏನಾದರೂ ಆಸೆ ಉಂಟೇ ಎಂದು ಕೇಳಿದರೆ ನಾಗಿ ಸುಲಿಯುವ ಕೈ ನಿಲ್ಲಿಸುವುದಿಲ್ಲ.

"ನನ್ನೂ ತೆಗೀತಾರೆ, ಗೊತ್ತದೆ. ಅವತ್ತು ಸೀದಾ ಮಂಜಿ ಮನಿಗೆ ಹೋಗ್ತೆ. ಅವ್ಳು ಬಾಗ್ಲು ತೆಗೀಬೇಕು, ಅಷ್ಟೇಯ."